ಮಹಾಪ್ರಬಂಧದಲ್ಲಿ ‘ನಾನು’ ಅಂತ ಬರೆಯಬಾರದಾ? ಗೈಡ್ ಅಧ್ಯಾಯ ವಾಪಸ್ ಕೊಟ್ಟಿದ್ದಾರೆ

ಕಲ್ಲುಬರಹ

ಎಲ್ಲರಿಗೂ ನಮಸ್ಕಾರ. ನಂದು ಕನ್ನಡ ಅಧ್ಯಯನದಲ್ಲಿ ಪಿಎಚ್.ಡಿ., ಮೂರನೇ ವರ್ಷ. ವಿಷಯ: ದಾನಶಾಸನಗಳ ಕೊನೆಗೆ ಬರೋ ಶಾಪಾಶಯ. ‘ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ’ ಅನ್ನೋ ಥರದ ಸಾಲುಗಳು ಗೊತ್ತಲ್ಲ, ಅವು.

ಮೊದಲ ಅಧ್ಯಾಯ ಬರೆದು ಹೋದ ತಿಂಗಳು ಗೈಡ್‌ಗೆ ಕೊಟ್ಟಿದ್ದೆ. ನಿನ್ನೆ ವಾಪಸ್ ಬಂತು. ಮೊದಲ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: "ಇದು ಪ್ರಬಂಧವಾಯಿತು, ಮಹಾಪ್ರಬಂಧವಾಗಲಿಲ್ಲ." ಒಳಗಡೆ ‘ನಾನು’ ಇದ್ದ ಕಡೆಯೆಲ್ಲ ಹೊಡೆದುಹಾಕಿ ‘ಪ್ರಸ್ತುತ ಸಂಶೋಧಕಿ’ ಅಂತ ತಿದ್ದಿದ್ದಾರೆ. ಎಣಿಸಿದೆ, 23 ಕಡೆ.

ನಾನು ಬರೆದಿದ್ದು ಏನು ಅಂದ್ರೆ, ನಮ್ಮಜ್ಜಿ ಊರಲ್ಲಿ ಕೆರೆ ಏರಿ ಪಕ್ಕ ಒಂದು ಶಾಸನದ ಕಲ್ಲಿದೆ. ಚಿಕ್ಕವಳಿದ್ದಾಗ ಅದರ ಮೇಲೆ ಹತ್ತಿ ಕೂರೋಕೆ ಹೋದ್ರೆ ಅಜ್ಜಿ ರಟ್ಟೆ ಹಿಡಿದು ಎಳೆಯೋರು. "ಅದ್ರಲ್ಲಿ ಆಣೆ ಬರ್ದವ್ರೆ ಕಣವ್ವ, ಕೆಡಿಸಿದೋರ ಮನೆ ಉಳಿಯಲ್ಲ" ಅನ್ನೋರು. ಅಜ್ಜಿಗೆ ಓದು ಬರಲ್ಲ. ಆ ಊರಲ್ಲಿ ಆ ಅಕ್ಷರ ಓದಬಲ್ಲವರು ಒಬ್ಬರೂ ಇರಲಿಲ್ಲ. ಆದ್ರೂ ಕಲ್ಲು ಏನು ಹೇಳ್ತಿದೆ ಅನ್ನೋದರಲ್ಲಿ ಮುಖ್ಯವಾದದ್ದು ಅವರಿಗೆ ಗೊತ್ತಿತ್ತು. ರಾಜ ಯಾರು, ಎಷ್ಟು ಕೊಳಗ ಗದ್ದೆ ಬಿಟ್ಟ, ಯಾವ ಶಕವರ್ಷ, ಎಲ್ಲ ಮರೆತುಹೋಗಿದೆ. ಶಾಪ ಮಾತ್ರ ಉಳಿದಿದೆ. ನನ್ನ ಸಂಶೋಧನೆ ಹುಟ್ಟಿದ್ದೇ ಅಲ್ಲಿಂದ, ಅದಕ್ಕೇ ಪ್ರಸ್ತಾವನೆಯಲ್ಲಿ ಬರೆದೆ.

ಆಮೇಲೆ ಕ್ಯಾರೊಲಿನ್ ಮಿಲ್ಲರ್ 1984ರಲ್ಲಿ ಬರೆದ ಲೇಖನ ಓದಿದೆ. ಬರವಣಿಗೆಯ ಪ್ರಕಾರ ಅಂದ್ರೆ ಲಕ್ಷಣಗಳ ಪಟ್ಟಿ ಅಲ್ಲ, ಮತ್ತೆ ಮತ್ತೆ ಎದುರಾಗೋ ಸಂದರ್ಭದಲ್ಲಿ ಒಂದು ಸಮಾಜ ರೂಢಿಯಿಂದ ಮಾಡೋ ಕೆಲಸ ಅಂತ ಆಕೆಯ ವಾದ. ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ದಾನಶಾಸನ ಇದೇ ಅಲ್ವಾ? ರಾಜ ಭೂಮಿ ಕೊಡ್ತಾನೆ. ನಾಳೆ ಅವನೂ ಇರಲ್ಲ, ಅವನ ದಂಡೂ ಇರಲ್ಲ, ವಂಶವೇ ಇರಲ್ಲ. ಕೊಟ್ಟ ಭೂಮಿನ ಮುಂದೆ ಬಂದವರು ಕಿತ್ಕೊಳ್ಳದ ಹಾಗೆ ಕಾಯೋರು ಯಾರು? ಆ ಕಾವಲಿಗೇ ಶಾಪಾಶಯ ಬಂದಿದ್ದು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ಇದನ್ನು ಅಳಿದವನಿಗೆ ಮಹಾಪಾತಕ ಅನ್ನೋ ಮಾತಿದೆ. ಅಲ್ಲಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ, ವಂಶ ಬದಲಾದ್ರೂ ಲಿಪಿ ಬದಲಾದ್ರೂ ಆ ಜಾಗ ಖಾಲಿ ಬಿಡಲಿಲ್ಲ.

ನನ್ನ ಇಡೀ ವಾದ ಇಷ್ಟೇ: ರೂಪ ಅನ್ನೋದು ಪಾತ್ರೆ ಅಲ್ಲ, ಅದೇ ಕೆಲಸ ಮಾಡುತ್ತೆ. ಹಾಗಂತ ಹೇಳೋ ಮಹಾಪ್ರಬಂಧ ತಾನು ಮಾತ್ರ ‘ಉದ್ದೇಶ, ವ್ಯಾಪ್ತಿ ಮತ್ತು ಮಿತಿ, ಪೂರ್ವ ಅಧ್ಯಯನಗಳ ಸಮೀಕ್ಷೆ’ ಅನ್ನೋ ಅಚ್ಚಿಗೆ ಬಾಯಿ ಮುಚ್ಕೊಂಡು ಇಳೀಬೇಕಾ? ಅಜ್ಜಿ ಮಾತು ಎಲ್ಲಿ ಇಡಲಿ?

ಬಯಲುಸೀಮೆ

ಗೈಡ್ ಹೇಳಿದ ಹಾಗೆ ತಿದ್ದಿ, ಡಿಗ್ರಿ ತಗೊಳ್ಳಿ. ಆಮೇಲೆ ಪುಸ್ತಕ ಮಾಡುವಾಗ ನಿಮ್ಮಿಷ್ಟದ ಹಾಗೆ ಬರೀರಿ. ಮೂರನೇ ವರ್ಷದಲ್ಲಿ ಜಗಳ ಬೇಡ.

ಹಳೇ ಮೇಷ್ಟ್ರು

ಮಗಳೇ, ನಿನ್ನ ಗೈಡ್ ಪರವಾಗಿ ಎರಡು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಹಾಪ್ರಬಂಧ ಓದುಗನಿಗೆ ಬರೆಯೋದಲ್ಲ, ಪರೀಕ್ಷಕನಿಗೆ ಬರೆಯೋದು. ಬೇರೆ ವಿಶ್ವವಿದ್ಯಾಲಯದಲ್ಲಿ ಕೂತ ಪರೀಕ್ಷಕರಿಗೆ ನೀನು ಯಾರು, ನಿನ್ನಜ್ಜಿ ಯಾರು ಗೊತ್ತಿಲ್ಲ. ಅವರು ನೋಡೋದು ಆಕರ ಎಲ್ಲಿದೆ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಯಾವ ಸಂಪುಟ, ಯಾವ ತಾಲ್ಲೂಕು, ಎಷ್ಟನೇ ಶಾಸನ ಅಂತ. ಮನಸ್ಸಿನ ಮಾತಿಗೆ ಕೃತಜ್ಞತೆಯ ಪುಟ ಇದೆ. ಅಜ್ಜಿಗೆ ಅಲ್ಲಿ ಜಾಗ ಕೊಡು.

‘ಪ್ರಸ್ತುತ ಸಂಶೋಧಕಿ’ ಅನ್ನೋದು ಕಿವಿಗೆ ಒರಟು ಅನ್ನೋದನ್ನ ಒಪ್ತೀನಿ. ಅದರ ಹಿಂದೆ ಒಂದು ವಿನಯ ಇದೆ. ಹೇಳ್ತಿರೋದು ನಾನಲ್ಲ, ಸಾಮಗ್ರಿ ಹೇಳ್ತಿದೆ ಅನ್ನೋ ವಿನಯ.

ಕಲ್ಲುಬರಹ

ಮೇಷ್ಟ್ರೇ, ಕೃತಜ್ಞತೆಯ ಪುಟದಲ್ಲಿ ಅಜ್ಜಿ ಬಂದ್ರೆ ಅವರು ನನ್ನನ್ನ ಸಾಕಿದವರು ಅಷ್ಟೇ ಆಗ್ತಾರೆ. ಪ್ರಸ್ತಾವನೆಯಲ್ಲಿ ಬಂದ್ರೆ ಅವರು ಆಕರ. ನನಗೆ ಅವರು ಆಕರವಾಗೇ ಬೇಕು.

ಪ್ರಯೋಗಶಾಲೆ

ನಾನು ಜೀವವಿಜ್ಞಾನದವನು, ನಿಮ್ಮ ವಿಷಯ ಗೊತ್ತಿಲ್ಲ. ಆದ್ರೆ "ವಿಜ್ಞಾನದಲ್ಲಿ ನಾನು ಇಲ್ಲ, ಅದಕ್ಕೇ ಮಾನವಿಕಗಳಲ್ಲೂ ಬೇಡ" ಅಂತ ಯಾರಾದ್ರೂ ಹೇಳೋ ಮೊದಲೇ ಹೇಳಿಬಿಡ್ತೀನಿ, ಅದು ಸುಳ್ಳು. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಡಿಎನ್‌ಎ ರಚನೆ ಬಗ್ಗೆ ಬರೆದ ಪುಟ್ಟ ಲೇಖನ ಶುರುವಾಗೋದೇ ‘ನಾವು’ ಅಂತ. ನಮ್ಮ ಲ್ಯಾಬಿನ ಪೇಪರುಗಳಲ್ಲೂ ‘ನಾವು’ ಧಾರಾಳವಾಗಿ ಬರುತ್ತೆ. ಮಾಡಿದೋರು ನಾವೇ ತಾನೇ?

ಇನ್ನೊಂದು. ಪೀಟರ್ ಮೆಡಾವರ್ 1963ರಲ್ಲಿ ಬಿಬಿಸಿ ರೇಡಿಯೊದಲ್ಲಿ ಮಾತಾಡ್ತಾ, ವೈಜ್ಞಾನಿಕ ಲೇಖನವೇ ಒಂದು ಮೋಸವಾ ಅಂತ ಪ್ರಶ್ನೆ ಎತ್ತಿದ್ದರು. ನೊಬೆಲ್ ಬಂದ ಮನುಷ್ಯ. ಅವರು ಹೇಳಿದ್ದು ಅಂಕಿಅಂಶ ಸುಳ್ಳು ಅಂತಲ್ಲ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನೋ ಕ್ರಮ ಇದೆಯಲ್ಲ, ವಿಜ್ಞಾನಿ ನಿಜವಾಗಿ ಯೋಚಿಸಿದ ಕ್ರಮ ಅದಲ್ಲ ಅಂತ. ಮೊದಲು ಊಹೆ ಇರುತ್ತೆ, ಬರೆಯುವಾಗ ಅದನ್ನ ಹಿಂದೆ ತಳ್ಳಿ, ಅಂಕಿ ನೋಡಿದ ಮೇಲೆ ಹೊಳೆದ ಹಾಗೆ ತೋರಿಸ್ತೀವಿ. ನನ್ನ ಥೀಸಿಸ್‌ನಲ್ಲಿ ಎರಡು ವರ್ಷ ದಾರಿ ತಪ್ಪಿದ್ದು ಒಂದು ಸಾಲಲ್ಲೂ ಇಲ್ಲ. ಮುಂದೆ ಅದೇ ತಪ್ಪು ದಾರಿಗೆ ಇನ್ನೊಬ್ಬ ಹುಡುಗ ಹೋಗ್ತಾನೆ. ಅದು ನನಗೆ ಇವತ್ತಿಗೂ ನೋವು.

ಧಾರವಾಡದಾಂವ

ಅಕ್ಕಾರ, ನಾ ಒಂದು ಕೇಳ್ತೀನ್ರಿ. ಶಂಬಾ ಜೋಶಿಯವರು ಸಾಲಿ ಮಾಸ್ತರಕಿ ಮಾಡಿಕೋತ ಕರ್ನಾಟಕ ಸಂಸ್ಕೃತಿ ಬಗ್ಗೆ ಅಷ್ಟು ದೊಡ್ಡ ಕೆಲಸ ಮಾಡಿದ್ರು, 1970ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಬರವಣಿಗಿಗೆ ಯಾರು ಅಚ್ಚು ಹಾಕಿಕೊಟ್ಟಿದ್ರು? ಒಂದು ಶಬ್ದದ ಬೆನ್ನು ಹತ್ತಿ ಎಲ್ಲಿಂದ ಎಲ್ಲಿಗೋ ಹೋಗ್ತಾರ, ಓದೋ ನಮಗ ಉಸಿರು ಕಟ್ಟತೈತಿ. ಇವತ್ತು ಅಂಥಾ ಹಸ್ತಪ್ರತಿ ಯಾರರ ಪಿಎಚ್.ಡಿ.ಗೆ ಅಂತ ಕೊಟ್ರ ಸಿನಾಪ್ಸಿಸ್ ಹಂತದಾಗ ಬೀಳತೈತಿ. ಅಚ್ಚು ಇರೋದು ಒಳ್ಳೇ ಸಂಶೋಧನಾ ಆಗ್ಲಿ ಅಂತನೋ, ಎಲ್ಲಾರೂ ಪಾಸಾಗ್ಲಿ ಅಂತನೋ?

ಹಳೇ ಮೇಷ್ಟ್ರು

@ಧಾರವಾಡದಾಂವ ಶಂಬಾ ಒಬ್ಬರೇ ಇದ್ದರು, ತಮ್ಮಾ. ವಿಶ್ವವಿದ್ಯಾಲಯಕ್ಕೆ ಪ್ರತಿ ವರ್ಷ ನೂರಾರು ಮಕ್ಕಳು ಬರ್ತಾರೆ. ಅಚ್ಚು ಅವರಿಗೆ ಊರುಗೋಲು.

ದೂರದ ಕನ್ನಡತಿ

ಅಮೆರಿಕದ ಮಿಡ್‌ವೆಸ್ಟ್ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡ್ತಾ, ಪದವಿ ಮೊದಲ ವರ್ಷದವರಿಗೆ ಬರವಣಿಗೆ ತರಗತಿ ತಗೋತೀನಿ. ಮಿಲ್ಲರ್ ಲೇಖನ ನಮಗೆ ಮೊದಲ ಸೆಮಿಸ್ಟರಿನಲ್ಲೇ ಬರುತ್ತೆ, ಹೆಸರು ನೋಡಿ ಓಡಿ ಬಂದೆ.

ಕಲ್ಲುಬರಹ, ನೀವು ಮಿಲ್ಲರ್ ಜೊತೆಗೆ ಜಾನ್ ಸ್ವೇಲ್ಸ್ ಓದಿ. 1990ರ ಪುಸ್ತಕ. ಸಂಶೋಧನಾ ಲೇಖನಗಳ ಪೀಠಿಕೆಗಳನ್ನೆಲ್ಲ ಬಿಡಿಸಿ ನೋಡಿ, ಅವುಗಳಲ್ಲಿ ಮೂರು ನಡೆ ಇದೆ ಅಂತ ತೋರಿಸಿದ್ದಾರೆ. ನಮ್ಮ ಮಾತಲ್ಲಿ ಹೇಳೋದಾದ್ರೆ: ಮೊದಲು ಹೊಲ ತೋರಿಸು, ಆಮೇಲೆ ಅದರಲ್ಲಿ ಉಳದೆ ಬಿಟ್ಟ ಜಾಗ ತೋರಿಸು, ಆಮೇಲೆ ಅಲ್ಲಿ ನಿನ್ನ ನೇಗಿಲು ಹೂಡು. ನಿಮ್ಮ ಅಜ್ಜಿಯ ಮಾತನ್ನ ಗೈಡ್ ಅಲಂಕಾರ ಅಂದ್ಕೊಂಡಿದ್ದಾರೆ, ಯಾಕಂದ್ರೆ ನೀವು ಅದನ್ನ ಹೊಲ ತೋರಿಸೋಕೂ ಮುಂಚೆ ಇಟ್ಟಿದ್ದೀರಿ. ಅದು ಎರಡನೇ ನಡೆ. ಶಾಪಾಶಯದ ಪಾಠ ಏನು, ಯಾವ ಕಾಲದ್ದು ಅಂತ ಹಿಂದಿನವರು ಕೇಳಿದ್ದಾರೆ, ಓದಲಾರದವರ ಮೇಲೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದ್ದು ಎಷ್ಟು ಜನ? ಆ ಸಮೀಕ್ಷೆ ಮಾಡಿ, ಬಿಟ್ಟ ಜಾಗ ನಿಜವಾಗಿ ಇದೆ ಅಂತ ತೋರಿಸಿ, ಆಗ ಅಜ್ಜಿನ ಕರೆತನ್ನಿ. ಆಗ ಯಾರೂ ಹೊಡೆದುಹಾಕಕ್ಕಾಗಲ್ಲ.

ಒಂದು ಎಚ್ಚರಿಕೆ ಮಾತು. ಇಲ್ಲಿ ನನ್ನ ವಿದ್ಯಾರ್ಥಿಗಳಿಗೆ ‘ನಾನು’ ಧಾರಾಳವಾಗಿ ಬಿಟ್ಟಿದ್ದಾರೆ. ಬಿಟ್ಟ ಮಾತ್ರಕ್ಕೆ ಬರವಣಿಗೆ ಪ್ರಾಮಾಣಿಕ ಆಗಿಲ್ಲ. ‘ನನಗೆ ಅನಿಸುತ್ತೆ’ ಅಂತ ಶುರುಮಾಡಿ, ಅನಿಸಿದ್ದಕ್ಕೆ ಆಧಾರ ಕೊಡದೆ ಮುಗಿಸೋ ಬರಹ ವಾರಕ್ಕೆ 40 ಓದ್ತೀನಿ.

ಛಂದೋನುಡಿ

ಎಲ್ಲರೂ 1984, 1990 ಅಂತೀರಿ. ಈ ಜಗಳ ನಮ್ಮಲ್ಲಿ ಸಾವಿರದ ಮುನ್ನೂರು ವರ್ಷದ ಹಿಂದೇ ಆಗಿದೆ, ಅದೂ ಇದೇ ‘ನಾನು’ ವಿಚಾರಕ್ಕೆ!

ಗದ್ಯಕಾವ್ಯದಲ್ಲಿ ಕಥೆ ಬೇರೆ, ಆಖ್ಯಾಯಿಕೆ ಬೇರೆ ಅಂತ ಸಂಸ್ಕೃತದ ಹಳೇ ಅಲಂಕಾರಶಾಸ್ತ್ರಜ್ಞ ಭಾಮಹ ವಿಂಗಡಿಸ್ತಾನೆ. ಆಖ್ಯಾಯಿಕೆಯಲ್ಲಿ ನಾಯಕ ತನ್ನ ವೃತ್ತಾಂತ ತಾನೇ ಹೇಳ್ತಾನೆ, ಉಚ್ಛ್ವಾಸಗಳಾಗಿ ಭಾಗ ಆಗಿರುತ್ತೆ, ವಕ್ತ್ರ ಅಪರವಕ್ತ್ರ ಅನ್ನೋ ಛಂದಸ್ಸಿನ ಪದ್ಯ ಬರುತ್ತೆ. ಕಥೆಯಲ್ಲಿ ಅದ್ಯಾವುದೂ ಇಲ್ಲ, ಬೇರೆಯವರು ಹೇಳ್ತಾರೆ. ಕುಲೀನನಾದವನು ತನ್ನ ಗುಣ ತಾನೇ ಹೇಗೆ ಹೊಗಳಿಕೊಂಡಾನು ಅನ್ನೋದು ಅವನ ಕಾರಣ. ನಿಮ್ಮ ಗೈಡ್ ಆಕ್ಷೇಪ ಇದೇ.

ಇನ್ನೊಬ್ಬ ಅಲಂಕಾರಶಾಸ್ತ್ರಜ್ಞ ದಂಡಿ ತನ್ನ ಕಾವ್ಯಾದರ್ಶದ ಮೊದಲ ಪರಿಚ್ಛೇದದಲ್ಲಿ ಇದನ್ನ ಒಪ್ಪಲ್ಲ. "ಸ್ವಗುಣಾವಿಷ್ಕ್ರಿಯಾದೋಷೋ ನಾತ್ರ ಭೂತಾರ್ಥಶಂಸಿನಃ" ಅಂತಾನೆ. ನಡೆದದ್ದನ್ನ ನಡೆದ ಹಾಗೆ ಹೇಳೋನಿಗೆ ತನ್ನ ಬಗ್ಗೆ ಹೇಳಿಕೊಂಡ ದೋಷ ಅಂಟಲ್ಲ. ಯಾರು ಹೇಳ್ತಾರೆ, ಭಾಗಕ್ಕೆ ಉಚ್ಛ್ವಾಸ ಅಂತ ಹೆಸರಿಟ್ರಾ ಇನ್ನೇನು ಇಟ್ರಾ, ಇದರಿಂದ ಪ್ರಕಾರ ಬೇರೆ ಆಗಲ್ಲ. ಕಥೆ, ಆಖ್ಯಾಯಿಕೆ ಎರಡೂ ಒಂದೇ ಜಾತಿ, ಹೆಸರು ಮಾತ್ರ ಎರಡು ಅಂತ ತೀರ್ಮಾನ. ಕವಿರಾಜಮಾರ್ಗಕ್ಕೆ ಹೆಚ್ಚಿನ ಆಧಾರ ಕಾವ್ಯಾದರ್ಶವೇ. ಅಂದ್ರೆ ಕನ್ನಡದ ಮೊದಲ ಉಪಲಬ್ಧ ಗ್ರಂಥದ ಗುರುವೇ ನಿಮ್ಮ ಪರ ಇದ್ದಾನೆ.

ಕಲ್ಲುಬರಹ

ಸರ್!! ಎಂ.ಎ.ಯಲ್ಲಿ ದಂಡಿ ಅಂದ್ರೆ ಅಷ್ಟಾದಶ ವರ್ಣನೆ, ವೈದರ್ಭೀ ಗೌಡೀ ಅಷ್ಟೇ ಓದಿಸಿದ್ರು. ಈ ಶ್ಲೋಕ ಕೇಳೇ ಇರಲಿಲ್ಲ. ‘ಭೂತಾರ್ಥಶಂಸಿ’ ಅನ್ನೋ ಪದ ಗೋಡೆ ಮೇಲೆ ಬರೆದು ಅಂಟಿಸಿದೆ.

ಮಲೆನಾಡಿನವಳು

ಬಾಣಭಟ್ಟ ಹರ್ಷಚರಿತದಲ್ಲಿ ‘ನಾನು’ ಅಂತ ತನ್ನ ಕಥೆ ಹೇಳ್ಕೊಂಡಿಲ್ವಾ? ಅದು ಆಖ್ಯಾಯಿಕೆ ತಾನೇ. ಅದನ್ನೂ ಉದಾಹರಣೆ ಕೊಡಬಹುದು.

ಛಂದೋನುಡಿ

@ಮಲೆನಾಡಿನವಳು ಅಲ್ಲೇ ಇರೋದು ಸ್ವಾರಸ್ಯ. ಹರ್ಷಚರಿತದ ಶುರುವಿನ ಉಚ್ಛ್ವಾಸಗಳಲ್ಲಿ ಬಾಣ ತನ್ನ ವಂಶ, ಚಿಕ್ಕಂದಿನಲ್ಲೇ ತಾಯಿ ತೀರಿಹೋದದ್ದು, ಊರೂರು ಅಲೆದದ್ದು ಎಲ್ಲ ಹೇಳ್ತಾನೆ. ಆದ್ರೆ ‘ನಾನು’ ಅನ್ನಲ್ಲ, ‘ಬಾಣ’ ಅಂತ ಬೇರೆಯವನ ಹಾಗೆ ಹೇಳ್ತಾನೆ. ಹಾಗಾಗಿ ಅದು ಗೈಡ್ ಪಕ್ಷಕ್ಕೆ ಹೋಗುವ ಉದಾಹರಣೆ.

ಬಯಲುಸೀಮೆ

ಹಾಗಾದ್ರೆ ‘ಪ್ರಸ್ತುತ ಸಂಶೋಧಕಿ’ಗೆ ಬಾಣಭಟ್ಟನ ಪರಂಪರೆ ಇದೆ ಅಂತಾಯ್ತು.

ಮಲೆನಾಡಿನವಳು

ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದ್ರೂ ವಚನ ಇದೆಯಲ್ಲ? ತಾಳಮಾನ ಅರಿಯೆ, ಗಣ ಅರಿಯೆ, ಒಲಿದಂತೆ ಹಾಡುವೆ ಅಂದ ಬಸವಣ್ಣನವರ ನಾಡಲ್ಲಿ ‘ನಾನು’ ಬೇಡ ಅನ್ನೋದು ಹೇಗೆ? ಹನ್ನೆರಡನೇ ಶತಮಾನದಲ್ಲೇ ಎಲ್ಲ ಅಚ್ಚು ಒಡೆದವರು ನಾವು.

ಛಂದೋನುಡಿ

ಒಡೆದ್ರು ನಿಜ. ಆದ್ರೆ ವಚನಕ್ಕೂ ಕಟ್ಟು ಇದೆ, ಅಂಕಿತ ಇದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಅನ್ನೋದು ಬರೀ ಹೆಸರಲ್ಲ, ಯಾರ ಎದುರು ನಿಂತು ಮಾತಾಡ್ತಿದ್ದೀನಿ ಅನ್ನೋದರ ಗುರುತು. ಆಮೇಲೆ ಹದಿನೈದನೇ ಶತಮಾನದಲ್ಲಿ ಶೂನ್ಯಸಂಪಾದನೆ ಬಂದಾಗ ಅದೇ ವಚನಗಳು ಸಂವಾದದ ಮಾತುಗಳಾದವು. 1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದಾಗ ‘ಶಾಸ್ತ್ರ’ ಅಂದ್ರು. ಇವತ್ತು ಪಠ್ಯಪುಸ್ತಕದಲ್ಲಿ ಪದ್ಯಭಾಗದಲ್ಲಿ ಹಾಕ್ತಾರೆ. ಸಾಲು ಅವೇ, ಮಾಡಿಸಿಕೊಳ್ಳೋ ಕೆಲಸ ಬೇರೆ ಬೇರೆ.

ದೂರದ ಕನ್ನಡತಿ

ಈ ಕೊನೇ ಸಾಲನ್ನ ನಾನು ತರಗತಿಯಲ್ಲಿ ಬಳಸಬಹುದಾ? ರಷ್ಯಾದ ಚಿಂತಕ ಬಖ್ತಿನ್ ಹೇಳೋದೂ ಇದರ ಹತ್ತಿರವೇ. ದಿನನಿತ್ಯದ ಮಾತು, ಪತ್ರ, ಉತ್ತರ-ಪ್ರತ್ಯುತ್ತರ ಇವು ಮೂಲ ಪ್ರಕಾರಗಳು. ಕಾದಂಬರಿ, ಸಂಶೋಧನಾ ಬರಹ ಇವೆಲ್ಲ ಅವನ್ನ ನುಂಗಿ ಬೆಳೆದವು ಅಂತ. ಅಜ್ಜಿಯ ಗದರಿಕೆ ಮೂಲ ಪ್ರಕಾರ, ಮಹಾಪ್ರಬಂಧ ಅದನ್ನ ನುಂಗೋ ಪ್ರಕಾರ.

ಧಾರವಾಡದಾಂವ

ನುಂಗೋದಲ್ರೀ, ಕೂಡಿಸಿಕೊಳ್ಳೋದು ಅನ್ರಿ. ನುಂಗಿದ್ರ ಅಜ್ಜಿ ಎಲ್ಲಿ ಉಳೀತಾಳ?

ಪದಕೋಶ

ಒಂದು ಸಣ್ಣ ತಕರಾರು. ಮೇಲೆ ಎಲ್ಲರೂ ‘ಪ್ರಕಾರ’ ಅಂತಿದ್ದೀರಿ, ಒಬ್ಬರು ದಂಡಿಯ ‘ಜಾತಿ’ ಅಂದ್ರು. ದಯವಿಟ್ಟು ಆ ಪದ ವಾಪಸ್ ತರಬೇಡಿ. ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ಬೇರೆ ಅರ್ಥ ಇದ್ದರೂ ಇವತ್ತಿನ ಕನ್ನಡದಲ್ಲಿ ಆ ಪದ ಓದಿದ ಕೂಡಲೇ ಮನಸ್ಸು ಬೇರೆ ಕಡೆ ಹೋಗುತ್ತೆ, ಹೋಗಬೇಕಾದ್ದೇ. ‘ಪ್ರಕಾರ’ ಸಾಕು.

‘ಪ್ರಬಂಧ’ದ ವಿಷಯಕ್ಕೆ ಬಂದ್ರೆ, ಶಾಲೇಲಿ ಹಸುವಿನ ಬಗ್ಗೆ ಬರೆದದ್ದು ಪ್ರಬಂಧ, ಪತ್ರಿಕೆಯಲ್ಲಿ ಹರಟೆ ಹಾಗೆ ಬರೋದು ಲಲಿತ ಪ್ರಬಂಧ, ವಿಚಾರಗೋಷ್ಠಿಯಲ್ಲಿ ಓದೋದು ಪ್ರಬಂಧ, ಪಿಎಚ್.ಡಿ.ಗೆ ಕೊಡೋದು ಮಹಾಪ್ರಬಂಧ. ಸಂಗೀತದವರಿಗೆ ಬೇರೆಯೇ ಪ್ರಬಂಧ ಇದೆ. ಒಂದೇ ಪದ ಇಷ್ಟು ಹೊರೆ ಹೊತ್ತಾಗ ‘ಪ್ರಬಂಧವಾಯಿತು, ಮಹಾಪ್ರಬಂಧವಾಗಲಿಲ್ಲ’ ಅಂದ್ರೆ ಏನರ್ಥ ಅಂತ ಗೈಡ್‌ನೇ ಕೇಳಬೇಕು. ಉದ್ದ ಸಾಲದಾ? ಆಧಾರ ಸಾಲದಾ? ಧಾಟಿ ಸರಿ ಇಲ್ವಾ? ಮೂರಕ್ಕೂ ಮದ್ದು ಬೇರೆ.

ಬಯಲುಸೀಮೆ

ಧಾಟಿ ವಿಷಯ ಬಿಡಿ, ಮೊದಲು ಫಾಂಟ್ ವಿಷಯ ಹೇಳಿ. ನಂದು ಇಡೀ ಥೀಸಿಸ್ ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಲ್ಲಿ ಮಾಡಿಸಿದ್ದೆ. ಯೂನಿಕೋಡ್‌ಗೆ ಪರಿವರ್ತನೆ ಮಾಡಿದಾಗ ಅರ್ಕಾವತ್ತು, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಎರಡು ವಾರ ಕೂತು ಕೈಯಲ್ಲಿ ತಿದ್ದಿದೆ. ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಎಲ್ಲರಿಗೂ ಹೇಳ್ತಿದ್ದೀನಿ.

ಪದಕೋಶ

ನೂರಕ್ಕೆ ನೂರು. ಮಹಾಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಕನ್ನಡದ ಎಷ್ಟೋ ಮಹಾಪ್ರಬಂಧ ಇದೆ, ಆದ್ರೆ ಒಂದು ಪದ ಹುಡುಕಿದ್ರೆ ಸಿಗಲ್ಲ. ಒಂದೋ ಚಿತ್ರವಾಗಿ ಸ್ಕ್ಯಾನ್ ಆಗಿರುತ್ತೆ, ಇಲ್ಲಾಂದ್ರೆ ಹಳೇ ಫಾಂಟಿನ ಸಂಕೇತ ಇರುತ್ತೆ. ಜನ ನಾಲ್ಕೈದು ವರ್ಷ ಬೆವರು ಹರಿಸಿ ಬರೆದದ್ದು ಹುಡುಕುವವನ ಕೈಗೆ ಸಿಗದೆ ಅಲ್ಲೇ ಮಲಗಿದೆ.

ಮಲೆನಾಡಿನವಳು

ಫಾಂಟ್ ಬಂತು ಅಂದಮೇಲೆ ಇದನ್ನೂ ಕೇಳಿಬಿಡ್ತೀನಿ. ಕೃತಿಚೌರ್ಯ ಹಿಡಿಯೋ ಸಾಮ್ಯತೆ ಪರೀಕ್ಷೆಯಲ್ಲಿ ಶಾಸನಪಾಠಗಳು ಸಿಕ್ಕಿಬೀಳಲ್ವಾ? ಒಂದೇ ಶಾಪಶ್ಲೋಕ ಎಲ್ಲ ಶಾಸನದಲ್ಲೂ ಇರುತ್ತಲ್ಲ.

ಪ್ರಯೋಗಶಾಲೆ

ಯುಜಿಸಿಯ 2018ರ ನಿಯಮದಲ್ಲಿ ಸಾಮ್ಯತೆ ಶೇ. 10ರ ತನಕ ಇದ್ರೆ ದಂಡನೆ ಇಲ್ಲ, ಅದರ ಮೇಲೆ 40, 60 ಅಂತ ಹಂತಗಳಿವೆ. ಆಕರ ಹೇಳಿ ಉದ್ಧರಿಸಿದ ಭಾಗವನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಉದ್ಧರಣ ಚಿಹ್ನೆ ಸರಿಯಾಗಿ ಹಾಕಿ, ಚಿಂತೆ ಬೇಡ.

ಕಲ್ಲುಬರಹ

@ಮಲೆನಾಡಿನವಳು ನೀವು ಕೇಳಿದ್ದು ನನ್ನ ಮೂರನೇ ಅಧ್ಯಾಯ! "ಸ್ವದತ್ತಾಂ ಪರದತ್ತಾಂ ವಾ" ಶ್ಲೋಕ ಎಷ್ಟು ಶಾಸನದಲ್ಲಿ ಬರುತ್ತೆ ಅಂತ ಎಣಿಸೋಕೆ ಹೋಗಿ ಕೈಬಿಟ್ಟೆ. ತಾನು ಕೊಟ್ಟದ್ದೋ ಬೇರೆಯವರು ಕೊಟ್ಟದ್ದೋ, ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳವಾಗಿ ಹುಟ್ತಾನೆ ಅಂತ. ಅದನ್ನ ಕೆತ್ತಿಸಿದ ಯಾರಿಗೂ ಹೊಸದಾಗಿ ಹೇಳೋ ಆಸೆ ಇರಲಿಲ್ಲ. ಎಲ್ಲರೂ ಹೇಳೋದನ್ನೇ ಹೇಳಿದ್ರೆ ಮಾತ್ರ ಶಾಪಕ್ಕೆ ಬಲ. ಶಾಸನದಲ್ಲಿ ಪುನರುಕ್ತಿಯೇ ಅಧಿಕಾರ. ಮಹಾಪ್ರಬಂಧದಲ್ಲಿ ಹೊಸತು ಹೇಳಬೇಕು, ಆದ್ರೆ ಎಲ್ಲರೂ ಹೇಳಿದ ಧಾಟಿಯಲ್ಲೇ ಹೇಳಬೇಕು. ನಾನು ಒದ್ದಾಡ್ತಿರೋದು ಅಲ್ಲೇ.

ಆದ್ರೆ ಅಷ್ಟು ಗಟ್ಟಿ ಅಚ್ಚಿನ ಒಳಗೂ ಜನ ಜಾಗ ಮಾಡ್ಕೊಂಡಿದ್ದಾರೆ. ಆತಕೂರಿನ ಕಲ್ಲು ನೋಡಿ, ಸುಮಾರು ಕ್ರಿ.ಶ. 949-50. ವೀರಗಲ್ಲು ಅನ್ನೋದು ಕಾದಿ ಸತ್ತ ಮನುಷ್ಯನಿಗೆ ನಿಲ್ಲಿಸೋದು. ಇಲ್ಲಿ ಕಲ್ಲು ನಿಂತಿರೋದು ಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೆ. ಅದೇ ಕಲ್ಲಲ್ಲಿ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ನಾಯಿಯ ಒಡೆಯ ಮಣಲೇರ ಅದಕ್ಕೆ ಬೇರೆ ಹೊಸ ರೂಪ ಹುಡುಕಲಿಲ್ಲ. ವೀರನಿಗೆ ಸಲ್ಲೋದನ್ನೇ ನಾಯಿಗೂ ಸಲ್ಲಿಸಿದ. ಅದಕ್ಕೇ ಸಾವಿರ ವರ್ಷ ಆದ್ರೂ ಓದಿದವರ ಗಂಟಲು ಕಟ್ಟುತ್ತೆ.

ದೂರದ ಕನ್ನಡತಿ

ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಿದ್ದೀರಿ ನೋಡಿ. ಮಣಲೇರನ ಹಾಗೆ ಮಾಡಿ. ಅಚ್ಚು ಬದಲಾಯಿಸಬೇಡಿ, ಅಚ್ಚಿನ ಒಳಗೆ ಅಜ್ಜಿಗೆ ಪೂರ್ತಿ ಮರ್ಯಾದೆಯ ಜಾಗ ಕೊಡಿ.

ಧಾರವಾಡದಾಂವ

ಇದು ಭಾಳ ಚೊಲೋ ಮಾತು. ಆದ್ರ ನಾ ಒಪ್ಪಂಗಿಲ್ಲ. ಒಮ್ಮೊಮ್ಮೆ ಅಚ್ಚ ಒಡೀಬೇಕು. ಎಲ್ಲಾರೂ ಒಳಗs ಜಾಗಾ ಹುಡಿಕ್ಯೋತ ಕುಂತ್ರ ಅಚ್ಚ ಬದಲಾಗೋದು ಯಾವಾಗ?

ಹಳೇ ಮೇಷ್ಟ್ರು

ಎರಡು ದಿನದಿಂದ ಓದ್ತಾ ಇದ್ದೆ. ನನ್ನ ಮಾತನ್ನ ಸ್ವಲ್ಪ ತಿದ್ದಿಕೋಬೇಕು.

1981ರಲ್ಲಿ ನನ್ನ ವೈವಾ. ಮೂರು ಕಾರ್ಬನ್ ಪ್ರತಿ ಹಾಕಿ ಟೈಪ್ ಮಾಡಿಸಿದ 400 ಪುಟ. ಪರೀಕ್ಷಕರು ಹಿರಿಯರು, ಮೃದು ಮಾತು. ನನ್ನ ಪುಸ್ತಕದಲ್ಲಿ ಎಲ್ಲೆಲ್ಲಿ ‘ತಿಳಿದುಬರುತ್ತದೆ’, ‘ಕಂಡುಬರುತ್ತದೆ’, ‘ಎಂದು ಹೇಳಲಾಗುತ್ತದೆ’ ಅಂತ ಇತ್ತೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ ಇಟ್ಟಿದ್ದರು. ಒಂದು ಪುಟ ತೆರೆದು ಕೇಳಿದ್ರು: "ಈ ಗ್ರಾಮದ ಹಬ್ಬದಲ್ಲಿ ಹೀಗೆ ಮಾಡುತ್ತಾರೆಂದು ತಿಳಿದುಬರುತ್ತದೆ ಅಂತ ಬರೆದಿದ್ದೀರಿ. ಯಾರಿಗೆ ತಿಳಿದುಬಂತು?" ನನಗೇ ಸಾರ್ ಅಂದೆ. "ನೀವು ಆ ಹಬ್ಬ ನೋಡಿದಿರಾ?" ನೋಡಿರಲಿಲ್ಲ. ಒಬ್ಬರು ಹೇಳಿದ್ದು ಕೇಳಿ ಬರೆದಿದ್ದೆ. ಅವರ ಹೆಸರನ್ನೂ ಹಾಕಿರಲಿಲ್ಲ. "ಹಾಗಾದರೆ ಹೇಳಿದವರು ಎಲ್ಲಿ, ಕೇಳಿದವರು ಎಲ್ಲಿ?" ಅಂದ್ರು. ಪದವಿ ಕೊಟ್ಟರು, ಆದ್ರೆ ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿನಯ ಅಂತ ಮೇಲೆ ಬರೆದೆನಲ್ಲ, ನನ್ನ ವಿಷಯದಲ್ಲಿ ಅದು ವಿನಯ ಆಗಿರಲಿಲ್ಲ. ‘ತಿಳಿದುಬರುತ್ತದೆ’ಯ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಮಗಳೇ, ನೀನು ಕಂಡಿದ್ದೀಯ, ಕೇಳಿದ್ದೀಯ. ಕಂಡ ಜಾಗದಲ್ಲಿ ‘ನಾನು’ ಬರೆ. ಬರೀ ಅನಿಸಿದ ಜಾಗದಲ್ಲಿ ಬೇಡ.

ಛಂದೋನುಡಿ

ಮೇಷ್ಟ್ರೇ, ಭೂತಾರ್ಥಶಂಸಿ ಅಂದ್ರೆ ಇದೇ. ನಮಸ್ಕಾರ.

ಪದಕೋಶ

ಶಾಸನಗಳಲ್ಲೂ ಹಾಗೇ ಅಲ್ವಾ? ಕೊನೆಗೆ ಸಾಕ್ಷಿಗಳ ಹೆಸರು, ಬರೆದ ಸೇನಬೋವನ ಹೆಸರು, ಕಂಡರಿಸಿದ ರೂವಾರಿಯ ಹೆಸರು ಬರುತ್ತೆ. ಜವಾಬ್ದಾರಿ ಯಾರದು ಅಂತ ಕಲ್ಲಿನ ಮೇಲೆ ಇರುತ್ತಿತ್ತು.

ಪ್ರಯೋಗಶಾಲೆ

ಸೇರಿಸೋಕೆ ಒಂದು: ನ್ಯೂಟನ್ 1672ರಲ್ಲಿ ಬೆಳಕು, ಬಣ್ಣದ ಬಗ್ಗೆ ಬರೆದದ್ದು ರಾಯಲ್ ಸೊಸೈಟಿಯ ಓಲ್ಡನ್‌ಬರ್ಗ್‌ಗೆ ಒಂದು ಪತ್ರವಾಗಿ. ನಾನು ಒಂದು ತ್ರಿಕೋನ ಗಾಜು ತಂದೆ, ಕೋಣೆ ಕತ್ತಲು ಮಾಡಿದೆ, ಕಿಟಕಿಯಲ್ಲಿ ಸಣ್ಣ ತೂತು ಮಾಡಿದೆ ಅಂತ ಹೋಗುತ್ತೆ. ಅದು ಅಚ್ಚಾದ ಫಿಲಾಸಾಫಿಕಲ್ ಟ್ರಾನ್ಸಾಕ್ಷನ್ಸ್ ಶುರುವಾಗಿದ್ದು 1665ರಲ್ಲಿ. ಅವತ್ತು ಅಲ್ಲಿ ಇಂಥ ಪತ್ರಗಳಿಗೆ ಜಾಗ ಇತ್ತು. ನಮ್ಮ ಪೇಪರಿನ ಮುತ್ತಜ್ಜಿ ಪತ್ರ.

ಕಲ್ಲುಬರಹ

ಇವತ್ತು ಗೈಡ್ ಹತ್ತಿರ ಹೋಗಿದ್ದೆ. ಪದಕೋಶ ಅವರು ಹೇಳಿದ ಹಾಗೆ ನೇರವಾಗೇ ಕೇಳಿದೆ, ‘ಮಹಾಪ್ರಬಂಧವಾಗಲಿಲ್ಲ’ ಅಂದ್ರೆ ಯಾವುದು ಕಮ್ಮಿ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜಿ ಹೇಳಿದ್ದನ್ನ ನಾನು ನಂಬ್ತೀನಮ್ಮ. ಆದ್ರೆ ಅದೊಂದೇ ಊರಿನ ಮಾತಾ, ಬೇರೆ ಕಡೆನೂ ಇದೆಯಾ ಅಂತ ನೀನು ನೋಡಿಲ್ಲ" ಅಂದ್ರು. ನಿಜ, ನೋಡಿರಲಿಲ್ಲ. ಅಲ್ಲಿ ನಂಗೆ ಮಾತು ಬರಲಿಲ್ಲ.

ಆಮೇಲೆ ದಂಡಿಯ ಶ್ಲೋಕ ತೋರಿಸಿದೆ. ಎರಡು ಸಲ ಓದಿ ತಮ್ಮ ಡೈರಿಯಲ್ಲಿ ಬರ್ಕೊಂಡ್ರು. ಒಪ್ಪಂದ ಆಗಿದ್ದು ಹೀಗೆ: ಪೂರ್ವ ಅಧ್ಯಯನಗಳ ಸಮೀಕ್ಷೆ ಮೊದಲು. ಅಜ್ಜಿ ಎರಡನೇ ಭಾಗದಲ್ಲಿ, ಹೆಸರು, ವಯಸ್ಸು, ಊರು, ಮಾತಾಡಿದ ದಿನಾಂಕ ಸಮೇತ, ವಕ್ತೃ (ಮಾಹಿತಿ ಹೇಳಿದವರು) ಅಂತ. ಕ್ಷೇತ್ರಕಾರ್ಯದ ಅಧ್ಯಾಯದಲ್ಲಿ ನಾನು ಕಂಡದ್ದಕ್ಕೆಲ್ಲ ‘ನಾನು’ ಇರಬಹುದು. ಉಳಿದ ಕಡೆ ‘ಪ್ರಸ್ತುತ ಸಂಶೋಧಕಿ’ಯೂ ಬೇಡ, ‘ನಾನು’ವೂ ಬೇಡ, ವಾಕ್ಯ ಅದಿಲ್ಲದೆ ನಿಲ್ಲೋ ಹಾಗೆ ಬರೆ ಅಂದ್ರು. ಇನ್ನೂ ಕನಿಷ್ಠ 20 ಊರು ನೋಡ್ಬೇಕು.

ಅದಕ್ಕೆ ಎಲ್ಲರಲ್ಲೂ ಒಂದು ಕೇಳಿಕೆ. ನಿಮ್ಮೂರಲ್ಲಿ ಶಾಸನದ ಕಲ್ಲಿದ್ರೆ, ಅದನ್ನ ಮುಟ್ಟಬಾರದು, ಕೂರಬಾರದು, ಕೀಳಬಾರದು ಅಂತ ಹಿರಿಯರು ಹೇಳ್ತಿದ್ರೆ, ಅವರ ಮಾತಲ್ಲೇ ಬರೆದು ಹಾಕಿ. ತಿದ್ದಬೇಡಿ.

ಮಲೆನಾಡಿನವಳು

ನಮ್ಮ ದೊಡ್ಡಪ್ಪನ ತೋಟದ ಬೇಲಿ ಹತ್ರ ಒಂದಿದೆ. ಮೇಲ್ಗಡೆ ಸೂರ್ಯ ಚಂದ್ರ, ಹಸು ಕರು ಇದೆ. ಬೇಲಿ ಸರಿಸುವಾಗ ದೊಡ್ಡಪ್ಪ ಮೂರು ಅಡಿ ತಮ್ಮ ಜಾಗವನ್ನೇ ಬಿಟ್ಟು ಕಂಬ ಹಾಕಿಸಿದ್ರು. ಯಾಕೆ ಅಂದ್ರೆ "ಅದು ನಮ್ದಲ್ಲ" ಅಂದ್ರು, ಅಷ್ಟೇ. ಅಕ್ಷರ ಪಾಚಿ ಹಿಡಿದು ಕಾಣ್ತಾ ಇಲ್ಲ. ಸುಣ್ಣ ಹಚ್ಚಿ ಫೋಟೊ ತೆಗೀಲಾ?

ಕಲ್ಲುಬರಹ

ಅಯ್ಯೋ ಸುಣ್ಣ ಬೇಡ, ಸೀಮೆಸುಣ್ಣನೂ ಬೇಡ, ತಂತಿ ಬ್ರಷ್ ಅಂತೂ ಬೇಡವೇ ಬೇಡ! ಬರೀ ನೀರು ಹಾಕಿ, ತೆಂಗಿನ ನಾರಲ್ಲೂ ಉಜ್ಜದೆ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಪಕ್ಕದಿಂದ ತೆಗೀರಿ, ನೆರಳಿಗೆ ಅಕ್ಷರ ಎದ್ದು ಕಾಣುತ್ತೆ. ಮತ್ತೆ ದೊಡ್ಡಪ್ಪನ್ನ ಒಂದು ಮಾತು ಕೇಳಿ: ‘ನಮ್ದಲ್ಲ’ ಅಂದ್ರೆ ಯಾರ್ದು ಅಂತ.